ಇಬ್ಬರ ನಡುವೆ ಒಂದೇ ಸಾಲು

ಆಸ್ಪತ್ರೆಯ ಬಾಗಿಲಿನ ಜೊತೆ ಜಗಳವಾಡಿ ಗೆದ್ದವರು ಇದುವರೆಗೆ ಯಾರೂ ಇಲ್ಲ. ಅದು ಚೆನ್ನಾಗಿ ಗೊತ್ತಿದ್ದೂ ಭೂಮಿಕಾ ಬೆಳಿಗ್ಗೆಯಿಂದ ಅದರ ಜೊತೆ ಜಗಳಕ್ಕೆ ನಿಂತಿದ್ದಳು.

“ರೋಗಿ ಕೊಟ್ರಮ್ಮ ಅವರಿಗೂ ತಮಗೂ ನಂಟಿಲ್ಲ. ದಯವಿಟ್ಟು ಪಕ್ಕಕ್ಕೆ ಸರಿದು ಹಿಂದಿನವರಿಗೆ ದಾರಿ ಬಿಡಿ,” ಅಂತು ಬಾಗಿಲು. ದನಿಯಲ್ಲಿ ಜೇನು ಸುರಿಯುತ್ತಿತ್ತು.

“ನಂಟಿಲ್ವಾ? ಒಳಗೆ ಮಲಗಿರೋಳು ನನ್ನ ಅಜ್ಜಿ! ನಮ್ಮವ್ವನ ಅವ್ವ! ನನ್ನ ಎತ್ತಿ ಆಡಿಸಿ ಸಾಕಿದೋಳು!”

“ತಮ್ಮ ಭಾವನೆ ಅರ್ಥವಾಗುತ್ತದೆ. ರೋಗಿ ಕೊಟ್ರಮ್ಮ ಅವರಿಗೂ ತಮಗೂ...”

“ಮುಚ್ಚು ಬಾಯಿ!”

ಬಾಗಿಲು ಬಾಯಿ ಮುಚ್ಚಿತು. ತಾನೂ ಮುಚ್ಚಿಕೊಂಡೇ ಇತ್ತು. ಹಿಂದೆ ಗಂಜಿಯ ಡಬ್ಬಿ ಹಿಡಿದು ನಿಂತಿದ್ದ ಒಬ್ಬಾಕೆ, “ಸ್ವಲ್ಪ ಸರಿಯವ್ವ, ನಮ್ಮನೆಯೋರಿಗೆ ಗಂಜಿ ಆರಿ ಹೋಗ್ತೈತೆ,” ಅಂದಳು. ಭೂಮಿಕಾ ಸರಿದಳು. ಆಕೆ ಮಣಿಕಟ್ಟು ತೋರಿಸಿದ್ದೇ ತಡ, “ಹೆಂಡತಿ ಬಂದಿದ್ದಾರೆ,” ಎಂದು ಬಾಗಿಲು ಒಳಗೆಲ್ಲ ಕೇಳುವಂತೆ ಹೇಳಿ ತೆರೆದುಕೊಂಡಿತು. ಭೂಮಿಕಾಳ ಮೈಯೆಲ್ಲ ಉರಿದುಹೋಯಿತು. ಉರಿಯುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಯಾರಿಗೆ ಯಾರು ಏನಾಗಬೇಕು ಎಂದು ಈ ಬಾಗಿಲಿಗೆ ಹೇಳಿಕೊಡುವ ಯಂತ್ರದ ಉಸ್ತುವಾರಿ ಅವಳದೇ.

ಮುಖ ನೋಡಿ ನಂಬುವ ಕಾಲ ಹೋಗಿ ಆಗಲೇ ಬಹಳ ವರ್ಷವಾಗಿತ್ತು. ಯಾರ ಮುಖ ಬೇಕೋ ಅವರ ಮುಖ, ಯಾರ ದನಿ ಬೇಕೋ ಅವರ ದನಿ ತಯಾರಿಸಿ ಕೊಡುವ ಯಂತ್ರಗಳು ಸಂತೆಯಲ್ಲಿ ಸೊಪ್ಪಿನ ಹಾಗೆ ಸಿಗತೊಡಗಿದ ಮೇಲೆ, ಮೊಮ್ಮಗನ ಮುಖ ಅಂಟಿಸಿಕೊಂಡು ಬಂದ ಕಳ್ಳರು ಅಜ್ಜಿಯರ ಕೊರಳಿನ ಸರ ಬಿಚ್ಚಿಸಿಕೊಂಡು ಹೋದರು. ಮಗಳ ದನಿಯಲ್ಲಿ ಮಾತಾಡಿದ ಯಾರೋ ಆಸ್ಪತ್ರೆಯಿಂದ ರೋಗಿಯನ್ನೇ ಬಿಡಿಸಿಕೊಂಡು ಹೋದರು. ಜನ ಹೌಹಾರಿದರು. ಕೊನೆಗೆ ಸರ್ಕಾರ ಒಂದು ಉಪಾಯ ಮಾಡಿತು. ಪ್ರತಿಯೊಬ್ಬರ ಮಣಿಕಟ್ಟಿನ ಚರ್ಮದಡಿ ಅಕ್ಕಿಕಾಳಿನಷ್ಟು ಒಂದು ಗುರುತು ಇಟ್ಟಿತು. ಒಂದು ಕಾಳನ್ನು ಕದಿಯಬಹುದು. ಆದರೆ ಅಪ್ಪ, ಅವ್ವ, ಅಣ್ಣ, ತಂಗಿ, ಮಾವ, ಅತ್ತೆ ಎಂದು ಹತ್ತಾರು ಜನರ ಕಾಳುಗಳು ‘ಹೌದು, ಇವಳು ನಮ್ಮವಳು’ ಎಂದು ಹೇಳುವ ಸಾಕ್ಷಿಯನ್ನು ಕದಿಯಲಾಗದು. ಆ ಸಾಕ್ಷಿಯನ್ನೆಲ್ಲ ಒಂದು ಕಡೆ ಕೂಡಿಸಿಟ್ಟ ಅಂತರ್ಜಾಲ ತಾಣಕ್ಕೆ ನಂಟುಜಾಲ ಎಂದು ಹೆಸರಾಯಿತು. ಅಂದಿನಿಂದ ಬಾಗಿಲುಗಳು ‘ನೀವು ಯಾರು’ ಎಂದು ಕೇಳುವುದನ್ನು ಬಿಟ್ಟು ‘ನೀವು ಇವರಿಗೆ ಏನಾಗಬೇಕು’ ಎಂದು ಕೇಳತೊಡಗಿದವು. ಮನೆಯ ಬಾಗಿಲು, ಆಸ್ಪತ್ರೆಯ ವಾರ್ಡು, ಔಷಧಿಯ ಪೆಟ್ಟಿಗೆ, ಶಾಲೆಯ ಗೇಟು, ಎಲ್ಲಕ್ಕೂ ಅದೇ ಪ್ರಶ್ನೆ.

ಒಳಗಿನಿಂದ ಹಾಲೇಶ ಹೊರಗೆ ಬಂದ. ಹಾಲೇಶ ಅಂದರೆ ಭೂಮಿಕಾಳ ಅವ್ವನ ತಮ್ಮ, ಖಾಸಾ ಸೋದರಮಾವ. ಹೋದ ವಾರದವರೆಗೆ ಅವಳ ಗಂಡನೂ ಆಗಿದ್ದ.

ಅದೊಂದು ಕಥೆ. ಭೂಮಿಕಾಳ ಅವ್ವ ನೀಲಮ್ಮ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಾಗ ಅಜ್ಜಿ ಕೊಟ್ರಮ್ಮನೇ ಮಗುವನ್ನು ಸಾಕಿದಳು. ದಾವಣಗೆರೆಯ ಹಳೇ ಪೇಟೆಯಲ್ಲಿ ಅಜ್ಜಿಯದು ಮಂಡಕ್ಕಿ ಮೆಣಸಿನಕಾಯಿ ಅಂಗಡಿ. ಒಂದು ಕೈಯಲ್ಲಿ ಮಿರ್ಚಿ ಕರಿಯುತ್ತ, ಇನ್ನೊಂದು ಕೈಯಲ್ಲಿ ಮೊಮ್ಮಗಳಿಗೆ ಮಗ್ಗಿ ಬರೆಸುತ್ತ ಅವಳನ್ನು ಇಂಜಿನಿಯರ್ ಮಾಡಿದಳು. ಮದುವೆಯ ವಯಸ್ಸಿಗೆ ಬಂದಾಗ, “ಇವಳನ್ನ ಹೊರಗಿನೋರಿಗೆ ಕೊಟ್ಟು ನಾನು ಹೆಂಗೆ ಇರ್ಲಿ?” ಎಂದು ಹಟ ಹಿಡಿದು ತನ್ನ ಮಗ ಹಾಲೇಶನಿಗೇ ಕಟ್ಟಿದಳು. ಮಾವನಾಗಿ ಹಾಲೇಶ ಬಂಗಾರದಂಥವನು, ಜಾತ್ರೆಯಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ತಿರುಗಿಸಿದವನು. ಗಂಡನಾಗಿ ತಲೆನೋವು. ಸಾರಿಗೆ ಉಪ್ಪು ಜಾಸ್ತಿಯಾದರೂ ಮುಖ ಊದಿಸುತ್ತಿದ್ದ, ಅವಳಿಗೆ ಬಡ್ತಿ ಸಿಕ್ಕರೂ ಮುಖ ಊದಿಸುತ್ತಿದ್ದ. ವರ್ಷಗಟ್ಟಲೆ ಕಿತ್ತಾಡಿ ಇಬ್ಬರಿಗೂ ಸಾಕಾಗಿ, ಒಂದು ದಿನ ಕೂತು ಮಾತಾಡಿ ಜಗಳವಿಲ್ಲದೆ ಬೇರೆಯಾದರು. ಬೇರೆಯಾದ ಮೇಲೂ ಅವಳು ಅವನನ್ನು ಕರೆಯುವುದು ಮಾವ ಎಂದೇ.

“ಏನಂತಾಳೆ ಮಾವ ಅಜ್ಜಿ?” ಭೂಮಿಕಾ ಓಡಿಹೋಗಿ ಕೇಳಿದಳು.

“ಏನೂ ಅನ್ನಲ್ಲ. ಗೋಡೆ ಕಡೆ ಮುಖ ತಿರುಗಿಸಿ ಮಲಗಿದಾಳೆ. ಕಾಫಿನೂ ಮುಟ್ಟಿಲ್ಲ. ಡಾಕ್ಟ್ರು ಬಂದು ಬಂದು ಕೇಳ್ತಾರೆ, ಆಪರೇಷನ್‌ಗೆ ಹೆಬ್ಬೆಟ್ಟು ಒತ್ತು ಅಂತ. ಕೈ ಸೆರಗೊಳಗೆ ಸುತ್ತಿಕೊಂಡು ಬಿಡ್ತಾಳೆ.”

ನಿನ್ನೆ ಬಚ್ಚಲಲ್ಲಿ ಜಾರಿಬಿದ್ದು ಅಜ್ಜಿಯ ಸೊಂಟದ ಮೂಳೆ ಮುರಿದಿತ್ತು. ನಾಳೆಯೊಳಗೆ ಆಪರೇಷನ್ ಮಾಡದಿದ್ದರೆ ಅವಳು ಮತ್ತೆ ಎದ್ದು ಓಡಾಡುವುದಿಲ್ಲ, ಮಲಗಿದಲ್ಲೇ ಆಗುತ್ತಾಳೆ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಅಜ್ಜಿಗೆ ಬುದ್ಧಿ ನೆಟ್ಟಗಿತ್ತು. ಹಾಗಾಗಿ ಅವಳ ಒಪ್ಪಿಗೆಯಿಲ್ಲದೆ ಯಾರೂ ಏನೂ ಮಾಡುವಂತಿರಲಿಲ್ಲ.

“ಯಾಕಂತೆ ಒತ್ತಲ್ಲ?”

ಹಾಲೇಶ ನೆಲ ನೋಡಿದ. “ನಿನ್ನೆ ಬಂದ ತಕ್ಷಣ ಮಂಚದ ಪಕ್ಕದ ಯಂತ್ರಕ್ಕೆ ಹೇಳಿದ್ಲು, ನಮ್ಮ ಭೂಮಿಯನ್ನ ಕರಿ ಅಂತ. ಅದು, ಆ ಹೆಸರಿನ ನೆಂಟರು ನಿಮಗಿಲ್ಲ ಅಂತು. ಯಾಕಿಲ್ಲ ಅಂತ ಕೇಳಿದ್ಲು. ವಿಚ್ಛೇದನದ ಕಾರಣ ತೆಗೆಯಲಾಗಿದೆ ಅಂತು. ಅಲ್ಲಿಗೆ ಮುಗೀತು. ಗಂಡನ್ನ ಬಿಡೋವಾಗ ನನ್ನೂ ಬಿಟ್ಟೀನಿ ಅಂತ ಬರೆಸಿ ಬಂದಿದಾಳೆ ನಿನ್ನ ಹೆಂಡ್ತಿ, ಅಂದ್ಲು. ಇನ್ನು ಕಾಲಿದ್ದು ಎಲ್ಲಿಗೆ ಹೋಗ್ಲಿ, ಯಾರ ಮನೆಗೆ ಹೋಗ್ಲಿ ಅಂದ್ಲು. ಆಮೇಲೆ ಸರಿಯಾಗಿ ಮಾತೇ ಆಡಿಲ್ಲ.”

“ಅಯ್ಯೋ ದೇವರೇ! ನೀನು ಹೇಳಬಾರದಾಗಿತ್ತಾ, ಹಂಗೆಲ್ಲ ಬರೆಸಿಲ್ಲ ಅಂತ?”

“ಹೇಳ್ದೆ ಕಣೇ! ಅವಳ ಪರ ಸುಳ್ಳು ಹೇಳಬೇಡ ಅಂದ್ಲು. ನೀನು ರಾತ್ರಿ ಮಾತಾಡಿ ಕಳಿಸಿದ್ಯಲ್ಲ, ಆ ವಿಡಿಯೋ ತೋರಿಸ್ದೆ. ತಿರುಗಿಯೂ ನೋಡ್ಲಿಲ್ಲ. ಮುಖ ಯಾರು ಬೇಕಾದ್ರೂ ಮಾಡ್ತಾರೆ ಅಂತ ನೀವೇ ಹೇಳಿಕೊಟ್ಟಿದ್ದಲ್ವಾ, ಅಂದ್ಲು.” ಹಾಲೇಶ ತಲೆ ಕೆರೆದುಕೊಂಡು ತಗ್ಗಿದ ದನಿಯಲ್ಲಿ ಕೇಳಿದ, “ನೀನು ನಿಜವಾಗ್ಲೂ ಏನೂ ಬರೆಸಿಲ್ಲ ತಾನೇ?”

ಭೂಮಿಕಾಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. “ಮಾವ, ನಿನ್ನ ತಲೆಯಲ್ಲಿ ಮೆದುಳಿದೆಯೋ ಮಂಡಕ್ಕಿ ಇದೆಯೋ? ನಾನು ಬಿಟ್ಟಿರೋದು ಗಂಡನ್ನ. ಅಜ್ಜಿನ ಯಾರಾದ್ರೂ ಬಿಡ್ತಾರಾ?”

ಅಷ್ಟು ಹೇಳಿ ಕಣ್ಣೊರೆಸಿಕೊಂಡು ನೇರ ಕಚೇರಿಗೆ ಹೊರಟಳು.

ನಂಟುಜಾಲದ ಕೇಂದ್ರ ಊರಾಚೆಯ ಹಳೇ ಹತ್ತಿ ಗಿರಣಿಯ ಜಾಗದಲ್ಲಿತ್ತು. ದಾರಿಯುದ್ದಕ್ಕೂ ಭೂಮಿಕಾ ಲೆಕ್ಕ ಹಾಕುತ್ತ ಬಂದಳು, ಎಲ್ಲಿ ತಪ್ಪಿತು ಎಂದು. ತಪ್ಪಿದ್ದು ಹೋದ ತಿಂಗಳು, ಕೋಷ್ಟಕಗಳನ್ನು ಹೊಸದಾಗಿ ಕಟ್ಟಿದಾಗಲೇ ಇರಬೇಕು.

ಮೊದಲಿನ ವ್ಯವಸ್ಥೆ ಸರಳವಾಗಿತ್ತು. ಜನರ ಕೋಷ್ಟಕ ಒಂದೇ. ಒಬ್ಬೊಬ್ಬರಿಗೆ ಒಂದು ಸಾಲು. ಆ ಸಾಲಿನಲ್ಲಿ ಅವರ ಅಪ್ಪ ಯಾರು, ಅವ್ವ ಯಾರು, ಗಂಡ ಅಥವಾ ಹೆಂಡತಿ ಯಾರು, ಇಷ್ಟೇ. ಬಾಗಿಲಿನ ಮುಂದೆ ಯಾರಾದರೂ ನಿಂತರೆ ಯಂತ್ರ ಒಂದು ಸಾಲಿನಿಂದ ಇನ್ನೊಂದಕ್ಕೆ ಹತ್ತಿ ಇಳಿದು ನಂಟು ಹುಡುಕುತ್ತಿತ್ತು. ನಿಧಾನ. ಜನ ಹಾಲಿನ ಪಾಕೀಟು ಹಿಡಿದು ಸ್ವಂತ ಮನೆಯ ಬಾಗಿಲಲ್ಲೇ ತೂಕಡಿಸುತ್ತಿದ್ದರು. ಸಿಕ್ಕ ದಾರಿಯನ್ನೆಲ್ಲ ಒದರುವ ಚಾಳಿ ಬೇರೆ ಆ ಬಾಗಿಲಿಗೆ. ಅಜ್ಜಿಯ ಮನೆಯಲ್ಲಿ ಭೂಮಿಕಾ ಕೈ ತೋರಿಸಿದರೆ, “ನೀಲಮ್ಮನ ಮಗಳು, ಹಾಲೇಶನ ಹೆಂಡತಿ, ಭೂಮಿಕಾ ಬಂದಿದ್ದಾರೆ,” ಎಂದು ಬೀದಿಗೆಲ್ಲ ಸಾರುತ್ತಿತ್ತು.

ದೂರುಗಳು ರಾಶಿಬಿದ್ದವು. ಆಗ ಉತ್ತರ ಭಾರತದ ಕಡೆಯ ಒಂದು ಸಲಹೆಗಾರರ ತಂಡ ಬಂದು ಹೊಸ ನಕ್ಷೆ ಬರೆದುಕೊಟ್ಟಿತು. ಜನರ ಕೋಷ್ಟಕ ಬೇರೆ, ನಂಟಿನ ಕೋಷ್ಟಕ ಬೇರೆ. ಎಲ್ಲ ನಂಟುಗಳನ್ನೂ ಮೊದಲೇ ಲೆಕ್ಕ ಹಾಕಿ ಸಾಲು ಸಾಲಾಗಿ ಬರೆದಿಟ್ಟುಬಿಡುವುದು. ಇವರು, ಅವರು, ನಡುವೆ ನಂಟು ಏನು, ಅಷ್ಟೇ. ಬಾಗಿಲು ಹತ್ತುವುದೂ ಬೇಡ, ಇಳಿಯುವುದೂ ಬೇಡ, ಒಂದು ಸಾಲು ನೋಡಿದರಾಯಿತು. ಜಾಗ ಉಳಿಸಲು ಸತ್ತವರನ್ನೆಲ್ಲ ತೆಗೆದುಹಾಕಿದರು, ಸತ್ತವರು ಬಾಗಿಲು ತಟ್ಟುವುದಿಲ್ಲವಲ್ಲ ಎಂದು. ಕೇಳಲು ಎಷ್ಟು ಚೆಂದ! ಬಾಗಿಲುಗಳು ಚುರುಕಾದವು. ಅಜ್ಜಿಯ ಮನೆಯ ಬಾಗಿಲು “ಸೊಸೆ ಬಂದಿದ್ದಾರೆ” ಎಂದಷ್ಟೇ ಹೇಳಿ ಸುಮ್ಮನಾಗತೊಡಗಿತು. ಅಜ್ಜಿ ಮಾತ್ರ ಗೊಣಗಿದ್ದಳು, “ಇದ್ಯಾಕೆ ಭೂಮಿ, ನಿಮ್ಮವ್ವನ ಹೆಸರು ಹೇಳೋದು ಬಿಟ್ಟುಬಿಡ್ತಲ್ಲ ಬಾಗಿಲು? ದಿನಾ ಒಂದ್ಸಲನಾದ್ರೂ ಕಿವಿಗೆ ಬೀಳ್ತಿತ್ತು.” ಭೂಮಿಕಾ ನಕ್ಕುಬಿಟ್ಟಿದ್ದಳು.

ಕುರ್ಚಿಯಲ್ಲಿ ಕೂತವಳೇ ಅವಳು ಸೂತ್ರನನ್ನು ಕರೆದಳು. ಸೂತ್ರ ಕೇಂದ್ರದ ಗಣಕ ಸಹಾಯಕ, ದನಿಯಷ್ಟೇ ಇರುವವನು. ಕೋಷ್ಟಕ ಬದಲಿಸುವ ಕೆಲಸವನ್ನೆಲ್ಲ ಬರೆದವನು ಅವನೇ. ಅವನ ವಿನಯ ಕಂಡರೆ ಭೂಮಿಕಾಗೆ ಮೊದಲಿನಿಂದಲೂ ಮೈ ಪರಚಿಕೊಳ್ಳುವಂತಾಗುತ್ತಿತ್ತು.

“ನನಗೂ ಕೊಟ್ರಮ್ಮನಿಗೂ ಹೋದ ತಿಂಗಳ ಮುಂಚೆ ಏನು ನಂಟಿತ್ತು?”

“ಎರಡು ನಂಟಿತ್ತು ಮೇಡಂ. ತಾಯಿಯ ತಾಯಿ ಮತ್ತು ಗಂಡನ ತಾಯಿ.”

“ಹೊಸ ಕೋಷ್ಟಕಕ್ಕೆ ಎಷ್ಟು ಬಂತು?”

“ಒಂದು. ಗಂಡನ ತಾಯಿ. ಹೊಸ ಕೋಷ್ಟಕದ ನಿಯಮದಂತೆ ಇಬ್ಬರ ನಡುವೆ ಒಂದೇ ಸಾಲು ಇರತಕ್ಕದ್ದು. ಎರಡಿದ್ದಲ್ಲಿ ಇತ್ತೀಚಿನದನ್ನು ಉಳಿಸಿ, ಹಳೆಯದನ್ನು ನಕಲು ಸಾಲೆಂದು ತೆಗೆಯಲಾಗಿದೆ.”

“ನಕಲಾ? ಅಜ್ಜಿ ನಕಲಾ?” ಭೂಮಿಕಾ ಮೇಜು ಗುದ್ದಿದಳು. “ಯಾವನು ನಿನಗೆ ಹಂಗೆ ಮಾಡು ಅಂದಿದ್ದು?”

“ತಾವೇ ಮೇಡಂ. ನಕಲು ಸಾಲುಗಳಿವೆ, ತೆಗೆಯಲೇ ಎಂದು ಕೇಳಿದ್ದೆ. ತಾವು ಹೌದು ಒತ್ತಿದ್ದೀರಿ.”

ಹೌದು, ಒತ್ತಿದ್ದಳು. ಆ ಹೊತ್ತಿಗೆ ಅವಳ ತಲೆಗೆ ತನ್ನ ಮನೆಯೇ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಮದುವೆಯಾದ ಮೇಲೂ ಅವಳು ಅಜ್ಜಿಯನ್ನು ಅತ್ತೆ ಎಂದು ಒಂದು ದಿನವೂ ಕರೆದವಳಲ್ಲ. ಅಜ್ಜಿ ಅಂದರೆ ಅಜ್ಜಿ. ಅದರಲ್ಲಿ ಎರಡು ನಂಟಿದೆ ಎಂದು ಬಿಡಿಸಿ ಎಣಿಸುವವರು ಯಾರು? ಸಲಹೆಗಾರರ ಕಡೆಯಲ್ಲಿ ಅವ್ವನ ತಮ್ಮನನ್ನು ಮದುವೆಯಾಗುವುದು ಎಂದರೆ ಕಿವಿ ಮುಚ್ಚಿಕೊಳ್ಳುತ್ತಾರೆ, ಅವರು ಹಾಗೆ ನಿಯಮ ಬರೆದದ್ದು ಸಹಜ. ಆದರೆ ಇಲ್ಲಿ, ಬೀದಿಗೊಬ್ಬರು ಸೋದರಮಾವನನ್ನೋ ಅತ್ತೆಯ ಮಗನನ್ನೋ ಕಟ್ಟಿಕೊಂಡಿರುವ ಈ ಊರಿನಲ್ಲಿ, ಸ್ವತಃ ಮಾವನ ಹೆಂಡತಿಯಾಗಿದ್ದವಳೇ ಹೌದು ಒತ್ತಿದ್ದಳು. ಹೋದ ವಾರ ವಿಚ್ಛೇದನದ ಆದೇಶ ಬಂದಾಗ ಗಂಡನ ಸಾಲು ಅಳಿಯಿತು, ಅದರ ಹಿಂದೆಯೇ ಗಂಡನ ಕಡೆಯವರ ಸಾಲುಗಳೂ ಅಳಿದವು. ಕೆಳಗೆ ಇನ್ನೊಂದು ನಂಟು ಉಳಿದಿರಲಿಲ್ಲ. ಹಾಲೇಶ ಅವಳಿಗೆ ಮಾವನೂ ಅಲ್ಲ, ಅಜ್ಜಿ ಅಜ್ಜಿಯೂ ಅಲ್ಲ.

“ಸರಿ, ಈಗ ತಾಯಿಯ ತಾಯಿ ಅನ್ನೋ ಸಾಲು ಹೊಸದಾಗಿ ಹಾಕು.”

“ಸಾಧ್ಯವಿಲ್ಲ ಮೇಡಂ. ಪ್ರತಿ ಸಾಲಿಗೂ ದಾರಿ ತೋರಿಸಬೇಕು. ತಮ್ಮಿಂದ ಕೊಟ್ರಮ್ಮ ಅವರಿಗೆ ಹೋಗುವ ದಾರಿ ನೀಲಮ್ಮ ಎಂಬುವರ ಮೂಲಕ ಹಾದುಹೋಗುತ್ತದೆ. ಅವರು ಮೃತರು. ಕೋಷ್ಟಕದಲ್ಲಿಲ್ಲ. ದಾರಿಯಿಲ್ಲದ ಸಾಲನ್ನು ಬಾಗಿಲುಗಳು ಕಳ್ಳರ ಸಾಲೆಂದು ತಿರಸ್ಕರಿಸುತ್ತವೆ.” ಸೂತ್ರ ಸೇರಿಸಿದ, “ಸುಲಭದ ದಾರಿ ಒಂದಿದೆ. ತಾವು ಹಾಲೇಶ ಅವರನ್ನು ಪುನರ್ವಿವಾಹವಾದರೆ ನಂಟು ತಕ್ಷಣ ಮರಳುತ್ತದೆ. ಅರ್ಜಿ ತಯಾರಿಸಲೇ?”

“ನಿನ್ನ ಮನೆ ಹಾಳಾಗ!”

“ನನಗೆ ಮನೆಯಿಲ್ಲ ಮೇಡಂ.”

ಅಷ್ಟರಲ್ಲಿ ಹಾಲೇಶನ ಫೋನು ಬಂತು. ಅವನೂ ಆಸ್ಪತ್ರೆಯ ಸಹಾಯದ ಕಿಟಕಿಯಲ್ಲಿ ವಿಚಾರಿಸಿದ್ದನಂತೆ, ಅವರೂ ಅದನ್ನೇ ಹೇಳಿದರಂತೆ.

“ನೋಡು ಭೂಮಿ, ಒಂದರ್ಧ ಗಂಟೆ ಮದುವೆ ಆಗ್ಬಿಡಾಣ. ನೀನಲ್ಲಿ ಗುಂಡಿ ಒತ್ತು, ನಾನಿಲ್ಲಿ ಒತ್ತೀನಿ. ನೀನು ಒಳಗೆ ಬಂದು ಮಾತಾಡ್ಸು, ಅವಳು ಹೆಬ್ಬೆಟ್ಟು ಒತ್ಲಿ. ಆಮೇಲೆ ಮತ್ತೆ ಬಿಟ್ಟರಾತು. ನಾವಿಬ್ಬರೂ ಸರಿಹೋದ್ವಿ ಅಂತ ಮುದುಕಿಗೂ ಖುಷಿ ಆಗ್ತೈತೆ.”

ಸುಳ್ಳು ಯಾಕೆ, ಭೂಮಿಕಾಗೆ ಆಸೆಯಾಯಿತು. ಒಂದು ಗುಂಡಿ, ಅಷ್ಟೇ. ಅಜ್ಜಿ ನಗುತ್ತಾಳೆ, ಕಾಫಿ ಕುಡಿಯುತ್ತಾಳೆ, ಸೊಂಟ ಸರಿಹೋಗುತ್ತದೆ. ಆದರೆ ಎದ್ದು ಓಡಾಡತೊಡಗಿದ ದಿನ ಅದು ಸುಳ್ಳು ಮದುವೆ ಎಂದು ಅಜ್ಜಿಗೆ ಗೊತ್ತಾಗುತ್ತದೆ. ಆಗ ಅವಳನ್ನು ಎರಡನೇ ಸಲ ಬಿಟ್ಟಂತೆ. ಅದಕ್ಕಿಂತ ಹೆಚ್ಚಾಗಿ, ಯಾಕೆ ಎಂದು ಭೂಮಿಕಾಗೆ ರೇಗಿತು.

“ಬೇಡ ಮಾವ. ನಮ್ಮಜ್ಜಿನ ನೋಡೋಕೆ ನನಗೆ ಗಂಡ ಬೇಕಾ? ಅವ್ವ ಇದ್ಲು ನನಗೆ. ಅವಳ ಹೊಟ್ಟೆಯಲ್ಲಿ ಹುಟ್ಟಿದೀನಿ. ಅದು ಸಾಕಾಗಲ್ಲ ಅಂದ್ರೆ ಈ ಕೋಷ್ಟಕಕ್ಕೆ ಬೆಂಕಿ ಬೀಳಲಿ.”

ಫೋನು ಇಟ್ಟವಳೇ ಸೂತ್ರನನ್ನು ಕೇಳಿದಳು, “ಹಳೇ ಜನರ ಕೋಷ್ಟಕ, ಸತ್ತವರೆಲ್ಲ ಇದ್ದದ್ದು, ಅದರ ಪ್ರತಿ ಇದೆಯಾ?”

“ಇದೆ ಮೇಡಂ. ಇಂದು ಸಂಜೆ ಅಳಿಸಲು ನಿರ್ದೇಶಕರ ಆದೇಶವಾಗಿದೆ. ಅಳಿಸಿದ ಮೇಲೆ ಮರಳಿ ಸಿಗುವುದಿಲ್ಲ.”

ಭೂಮಿಕಾ ಎದ್ದುಬಿದ್ದು ನಿರ್ದೇಶಕರ ಕೋಣೆಗೆ ಓಡಿದಳು.

ನಿರ್ದೇಶಕರು ವಾಮನರಾವ್ ಇನಾಂದಾರ್. ವಿಜಯಪುರದ ಕಡೆಯವರು. ಒಳ್ಳೆಯ ಮನುಷ್ಯ, ಆದರೆ ಯಾವುದಾದರೂ ಕೆಲಸ ಮುಗಿಯಿತು ಎಂದು ಮೇಲಿನವರಿಗೆ ತಿಳಿಸಿಬಿಟ್ಟ ಮೇಲೆ ಅದನ್ನು ಮತ್ತೆ ತೆರೆಯುವುದೆಂದರೆ ಅವರಿಗೆ ಜ್ವರ ಬರುತ್ತಿತ್ತು. ಅವಳು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದು ಒರೆಸಿದರು.

“ಅಲ್ರೀ ಭೂಮಿಕಾ, ಸತ್ತವ್ರನ್ನ ಮತ್ತ ಎಬ್ಬಸ್ರಿ ಅಂತೀರೇನು? ಬಾಗಿಲಾ ಮತ್ತ ನಿಧಾನ ಆದ್ರ ಮಂದಿ ನನ್ನ ಹರದು ತಿಂತಾರ.”

“ನಿಧಾನ ಆಗಲ್ಲ ಸಾರ್. ಸತ್ತವರು ಬೇರೆ ಕೋಷ್ಟಕದಲ್ಲಿ ಇರ್ತಾರೆ. ನಂಟುಗಳನ್ನ ಈಗಿನ ಹಾಗೇ ಮೊದಲೇ ಲೆಕ್ಕ ಹಾಕಿ ಇಡೋದು. ಪ್ರತಿ ನಂಟಿನ ಪಕ್ಕ ಅದು ಯಾರ ಮೂಲಕ ಬಂತು ಅನ್ನೋದನ್ನ ಬರೆದಿಡೋದು. ಇಬ್ಬರ ನಡುವೆ ಒಂದೇ ಸಾಲು ಅನ್ನೋ ನಿಯಮ ಕಿತ್ತುಹಾಕಿ, ಒಂದೊಂದು ನಂಟಿಗೂ ಒಂದೊಂದು ಸಾಲು ಅಂತ ಮಾಡೋದು. ಒಂದು ಹೋದ್ರೆ ಇನ್ನೊಂದು ಉಳಿಯುತ್ತೆ.”

“ವಿಚಾರ ಛೊಲೊ ಐತ್ರಿ. ಒಂದ ಸಮಿತಿ ಮಾಡೋಣು. ಮುಂದಿನ ತಿಂಗಳ...”

“ಮುಂದಿನ ತಿಂಗಳು ನಮ್ಮಜ್ಜಿ ಹಾಸಿಗೆ ಹಿಡಿದಿರ್ತಾಳೆ ಸಾರ್! ಹಳೇ ಪ್ರತಿ ಇವತ್ತು ಸಂಜೆ ಹೋಗುತ್ತೆ!”

“ನಿಮ್ಮೊಬ್ಬರ ಮನಿ ಸಲುವಾಗಿ ಇಡೀ ರಾಜ್ಯದ ಕೋಷ್ಟಕ...”

ಭೂಮಿಕಾಳ ತಾಳ್ಮೆ ಅಲ್ಲಿಗೆ ತೀರಿತು. ಅವಳು ಚಾವಣಿಯತ್ತ ತಿರುಗಿ ಕೂಗಿದಳು, “ಸೂತ್ರ, ಇನಾಂದಾರ್ ಸಾಹೇಬರ ಮನೆಯವರು ಪದ್ಮಾವತಿ ಅವರು. ಅವರು ನಾಳೆ ಸಾಹೇಬರನ್ನ ಬಿಟ್ಟುಬಿಟ್ರೆ, ಅವರಿಗೂ ಸಾಹೇಬರ ತಾಯಿಗೂ ಏನು ನಂಟು ಉಳಿಯುತ್ತೆ?”

“ಆಕಿ ಯಾಕ ನನ್ನ ಬಿಡ್ತಾಳ್ರೀ?” ಇನಾಂ­ದಾರರು ಅರ್ಧ ಎದ್ದರು. ಎದ್ದವರು ಏನೋ ನೆನಪಾಗಿ ಮತ್ತೆ ಕೂತರು. ಆ ದಿನ ಬೆಳಿಗ್ಗೆಯೇ ಪದ್ಮಾವತಿಯವರು ‘ನಿಮ್ಮ ಕೂಡ ನನ್ನ ಕೈಲೆ ಆಗೂದಿಲ್ಲ’ ಎಂದು ಲಟ್ಟಣಿಗೆ ಎಸೆದದ್ದು ಕೇಂದ್ರದಲ್ಲಿ ಯಾರಿಗೂ ತಿಳಿದಿರಲಿಲ್ಲ.

“ಏನೂ ಉಳಿಯುವುದಿಲ್ಲ,” ಅಂದ ಸೂತ್ರ. “ಪದ್ಮಾವತಿ ಅವರು ಸಾಹೇಬರ ತಾಯಿಯ ಅಣ್ಣನ ಮಗಳು. ಆ ಸಾಲು ನಕಲೆಂದು ಹೋಗಿದೆ. ಅಣ್ಣ ಮೃತರು, ಆದ್ದರಿಂದ ದಾರಿಯೂ ಇಲ್ಲ. ಸಾಹೇಬರ ವಿಚ್ಛೇದನಕ್ಕೆ ನನ್ನ ಮುಂಗಡ ವಿಷಾದಗಳು.”

“ಏ, ಬಾಯಿ ಮುಚ್ಚಲೇ!” ಅಂದರು ಸಾಹೇಬರು. ಆಮೇಲೆ ದನಿ ಇಳಿಸಿದರು. “ಅವ್ವಗ ಕಣ್ಣು ಕಾಣೂದಿಲ್ಲರೀ. ಪದ್ದಿ ಕೈಯಿಂದ ಕೊಟ್ಟರನ ಗುಳಿಗಿ ತಗೊಳ್ಳಾಕಿ. ನಾನು ಕೊಟ್ಟರ ಉಗಳ್ತಾಳ. ಆ ಗುಳಿಗಿ ಪೆಟಗಿ ಪದ್ದಿ ಕೈಗೆ ತೆರಿಯೂದಿಲ್ಲಂದ್ರ...”

“ತೆರೆಯಲ್ಲ ಸಾರ್.”

“ನನ್ನ ಬಿಟ್ರೂ ಅವ್ವನ್ನ ಬಿಡಾಕಿ ಅಲ್ಲ ಆಕಿ,” ಅಂದರು ಇನಾಂದಾರರು. ತಾವೇ ಹೇಳಿದ್ದನ್ನು ತಾವೇ ಕೇಳಿಸಿಕೊಂಡು ತಲೆ ಕೊಡವಿದರು. “ಎಷ್ಟ ಹೊತ್ತು ಬೇಕ್ರಿ ನಿಮಗ?”

“ಸಂಜೆಯೊಳಗೆ ಮುಗಿಸ್ತೀನಿ.”

“ಮಾಡ್ರಿ. ಸಮಿತಿಗೆ ಆಮ್ಯಾಲ ನಾ ಏನರ ಹೇಳ್ತೀನಿ.”

ಭೂಮಿಕಾ ಚಾಲ್ತಿಯಲ್ಲಿದ್ದ ಕೋಷ್ಟಕಕ್ಕೆ ಕೈ ಹಚ್ಚಲಿಲ್ಲ. ಅದರ ಪಕ್ಕದಲ್ಲೇ ಹೊಸದನ್ನು ಕಟ್ಟಿದಳು. ಇವರು, ಅವರು, ಏನಾಗಬೇಕು, ಈ ಮೂರೂ ಒಂದೇ ಆದರೆ ಮಾತ್ರ ನಕಲು ಎಂದು ಬರೆದಳು. ಹಳೇ ಪ್ರತಿಯಿಂದ ಅಪ್ಪ ಅವ್ವಂದಿರನ್ನು ತೆಗೆದು ಸೂತ್ರನ ಕೈಯಲ್ಲಿ ಎಲ್ಲ ನಂಟುಗಳನ್ನೂ ಮೊದಲಿಂದ ಲೆಕ್ಕ ಹಾಕಿಸಿದಳು. ಅವನು ಆಗಾಗ ನಿಲ್ಲಿಸಿ ಕೇಳುತ್ತಿದ್ದ. “ಮೇಡಂ, ಇಲ್ಲೊಬ್ಬರು ಇನ್ನೊಬ್ಬರಿಗೆ ಚಿಕ್ಕಮ್ಮನೂ ಹೌದು, ಅತ್ತಿಗೆಯೂ ಹೌದು, ನಾದಿನಿಯ ಮಗಳೂ ಹೌದು. ಇದು ದೋಷವೇ?”

“ದೋಷ ಅಲ್ಲಪ್ಪ. ನೆಂಟಸ್ತಿಕೆ. ಮೂರೂ ಬರಿ.”

“ಮೂರನ್ನೂ?”

“ಮೂರನ್ನೂ! ಇನ್ನೊಂದು ಸಲ ನಕಲು ಅಂದ್ರೆ ನಿನ್ನನ್ನೇ ಅಳಿಸಿಹಾಕ್ತೀನಿ.”

ಆಮೇಲೆ ಅವನು ಕೇಳಲಿಲ್ಲ. ಸತ್ತವರ ಕೋಷ್ಟಕ ತುಂಬುತ್ತ ಹೋಯಿತು. ಹೆಸರುಗಳು ಪರದೆಯ ಮೇಲೆ ಹರಿದುಹೋಗುತ್ತಿದ್ದವು, ಯಾರ ಯಾರದೋ ಅಪ್ಪಂದಿರು, ಯಾರ ಯಾರದೋ ಅವ್ವಂದಿರು. ಭೂಮಿಕಾ ನೀಲಮ್ಮನನ್ನು ಹುಡುಕಬಾರದು ಎಂದುಕೊಂಡೂ ಹುಡುಕಿದಳು. ಸಿಕ್ಕಿತು. ನೀಲಮ್ಮ, ತಾಯಿ ಕೊಟ್ರಮ್ಮ, ಮಗಳು ಭೂಮಿಕಾ, ಮೃತರು. ಮೂಗು ಒರೆಸಿಕೊಂಡು ಮುಂದಿನ ಕೆಲಸ ನೋಡಿದಳು. ಎಲ್ಲ ತುಂಬಿದ ಮೇಲೆ ಬೇರೆ ಬೇರೆ ಊರಿನ ಬಾಗಿಲುಗಳ ಪ್ರಶ್ನೆಗಳನ್ನು ಎರಡೂ ಕೋಷ್ಟಕಕ್ಕೆ ಕೇಳಿಸಿ ನೋಡಿದಳು. ಹೊಸದು ಎಲ್ಲಿಯೂ ತಡಮಾಡಲಿಲ್ಲ. ಹಳೆಯದರ ಹೆಸರನ್ನು ಹೊಸದಕ್ಕೆ ಕೊಟ್ಟು, ಹಳೆಯದನ್ನು ಬದಿಗೆ ಸರಿಸಿ, ಚಪ್ಪಲಿ ಮೆಟ್ಟಿಕೊಂಡು ಓಡಿದಳು.

ಆಸ್ಪತ್ರೆಯ ಬಾಗಿಲ ಮುಂದೆ ಹಾಲೇಶ ಮಂಡಕ್ಕಿಯ ಪೊಟ್ಟಣ ಹಿಡಿದು ನಿಂತಿದ್ದ. “ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು, ಹಿಡಿ,” ಅಂದ. ಗಂಡನಾಗಿದ್ದಷ್ಟು ದಿನ ಇದು ಯಾಕೆ ಹೊಳೆಯಲಿಲ್ಲವೋ ಎಂದು ಅವಳಿಗೆ ರೇಗಿತು. ಆದರೂ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡಳು. ಬಾಗಿಲಿಗೆ ಮಣಿಕಟ್ಟು ತೋರಿಸಿದಳು.

ಬಾಗಿಲು ತೆರೆದುಕೊಂಡಿತು. ಒಳಗೆ ಅಜ್ಜಿಯ ಮಂಚದ ಪಕ್ಕದ ಯಂತ್ರ ಅದೇ ಜೇನಿನ ದನಿಯಲ್ಲಿ ಹೇಳುವುದು ಭೂಮಿಕಾಗೆ ಹೊರಗಿನಿಂದಲೇ ಕೇಳಿಸಿತು: “ಕೊಟ್ರಮ್ಮ ಅವರೇ, ನಿಮ್ಮ ಮಗಳು ನೀಲಮ್ಮನವರ ಮಗಳು ಭೂಮಿಕಾ ಬಂದಿದ್ದಾರೆ.”

ಗೋಡೆಯ ಕಡೆ ಮುಖ ತಿರುಗಿಸಿದ್ದ ಅಜ್ಜಿ ಅಲ್ಲಾಡಲಿಲ್ಲ. ಭೂಮಿಕಾ ಮಂಚದ ಹತ್ತಿರ ಹೋಗಿ ನಿಂತಳು.

“ಯಾರ ಹೆಸರು ಹೇಳ್ತು ಅದು?” ಅಜ್ಜಿ ಗೋಡೆಗೇ ಕೇಳಿದಳು.

“ಅವ್ವಂದು, ಅಜ್ಜಿ.”

ಅಜ್ಜಿ ಕತ್ತು ಹೊರಳಿಸಿದಳು. ಸೊಂಟದ ನೋವಿಗೆ ಮುಖ ಕಿವುಚಿದಳು. ಕಣ್ಣುಗಳು ಕೆಂಪಾಗಿ ಊದಿಕೊಂಡಿದ್ದವು. ಮೊಮ್ಮಗಳ ಕೈ ಹಿಡಿದು, ಮಣಿಕಟ್ಟು, ಬೆರಳು, ಉಗುರು, ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಹೆಬ್ಬೆರಳ ಪಕ್ಕದಲ್ಲಿ ಮಿರ್ಚಿಯ ಎಣ್ಣೆ ಸಿಡಿದು ಸುಟ್ಟ ಹಳೆಯ ಕಲೆ ಸಿಕ್ಕಿದ ಮೇಲೆ ಬಾಯಿ ಬಿಟ್ಟಳು.

“ಎಲ್ಲಿ ಹಾಳಾಗಿ ಹೋಗಿದ್ಯೇ? ನನ್ನ ಬಿಟ್ಟೇ ಬಿಟ್ಟೆ ಅಂದ್ಕಂಡು ಇಡೀ ರಾತ್ರಿ ಸತ್ತುಹೋದೆನಲ್ಲೇ ನಾನು!”

“ಗಂಡನ್ನ ಬಿಟ್ಟೆ ಅಜ್ಜಿ. ಮಾವನ್ನೂ ಬಿಟ್ಟಿಲ್ಲ. ನಿನ್ನ ಹೆಂಗೆ ಬಿಡ್ಲಿ?” ಭೂಮಿಕಾ ಅವಳ ಎದೆಗೆ ತಲೆಯಿಟ್ಟು ಚಿಕ್ಕ ಹುಡುಗಿಯ ಹಾಗೆ ಅತ್ತಳು. ಹಾಲೇಶ ಬಾಗಿಲ ಬಳಿ ನಿಂತು ಪೊಟ್ಟಣದಲ್ಲಿ ಉಳಿದ ಮಂಡಕ್ಕಿಯನ್ನು ತಾನೇ ತಿನ್ನುತ್ತಿದ್ದ.

ನರ್ಸು ಹೆಬ್ಬೆಟ್ಟಿನ ಹಲಗೆ ಹಿಡಿದು ಬಂದಳು. “ಅಮ್ಮ, ಡಾಕ್ಟ್ರು ಕಾಯ್ತಿದಾರೆ. ಈಗಲಾದ್ರೂ ಒತ್ತಿ.”

“ಒತ್ತೀನಿ, ತಡಿಯವ್ವ,” ಅಂದಳು ಅಜ್ಜಿ. ಸೆರಗಿನಿಂದ ಕೈ ಹೊರಗೆ ತೆಗೆದಳು, ಆದರೆ ಹಲಗೆಯ ಕಡೆ ಚಾಚಲಿಲ್ಲ. ಮೊಮ್ಮಗಳ ಕೆನ್ನೆ ಒರೆಸಿ ಹೇಳಿದಳು, “ಭೂಮಿ, ನೀನು ಹೊರಗೆ ಹೋಗು.”

“ಯಾಕಜ್ಜಿ?” ಅಂದಳು ಭೂಮಿಕಾ.

“ಹೋಗಿ ಮತ್ತೆ ಒಳಗೆ ಬಾ. ಇನ್ನೊಂದ್ಸಲ ಹೇಳ್ಲಿ ಅದು.”

“ಅವ್ವಾ, ಡಾಕ್ಟ್ರು ಕಾಯ್ತಿದಾರೆ ಅಂದ್ರೆ!” ಹಾಲೇಶ ರೇಗಿದ.

“ಕಾಯ್ಲಿ ಬಿಡೋ,” ಅಂದಳು ಅಜ್ಜಿ.

ಭೂಮಿಕಾ ಹೊರಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ಅವಳು ಅದರ ಮುಂದೆ ನಿಂತು ಕೈ ತೋರಿಸಿದಳು.